ಎದುರೀಜುವ ಸುಳಿ

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಸುಮ್ಮಸುಮ್ಮನೆ ಎಂದರೆ ಪೂರಾ ನಿಜವಲ್ಲ. ಹನ್ನೊಂದು ಗಂಟೆಗೆ ಒಂದು ಕಾರಣವಿತ್ತು. ಆದರೆ ಹಲ್ಲುಜ್ಜುತ್ತ ಕನ್ನಡಿಯಲ್ಲಿ ತನ್ನ ನೊರೆ ಬಾಯಿ ಕಂಡು ನಕ್ಕದ್ದಕ್ಕೂ, ಹಾಲು ಉಕ್ಕಿ ಹರಿದಾಗ ಬಟ್ಟೆ ಹುಡುಕುವ ಬದಲು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತದ್ದಕ್ಕೂ ಆ ಹನ್ನೊಂದು ಗಂಟೆ ಹೊಣೆಯಲ್ಲ. ಹಾಲು ಕಟ್ಟೆಯ ಮೇಲೆ ಹರಡಿ, ಉಪ್ಪಿನ ಡಬ್ಬಿಗೆ ತಾಗಿ ಎರಡಾಗಿ ಸೀಳಿ, ಡಬ್ಬಿಯ ಬೆನ್ನಿಗೆ ಬಂದು ಪುಟ್ಟದೊಂದು ಸುಳಿಯಾಗಿ ತಿರುಗಿತು. ಒಂದು ಕ್ಷಣ ಅದು ಹರಿವಿಗೆ ಎದುರಾಗಿ ಡಬ್ಬಿಯ ಕಡೆಗೇ ಮರಳಿದಂತೆ ಕಂಡಿತು. "ಇಲ್ಲಿ ಬನ್ನಿ, ಬೇಗ ಬನ್ನಿ" ಎಂದು ಗಂಡನನ್ನು ಕೂಗಿದಳು. ಅವನು ಇಸ್ತ್ರಿ ಅರ್ಧಕ್ಕೆ ಬಿಟ್ಟು ಓಡಿಬಂದು, ಕಟ್ಟೆ ನೋಡಿ, ಹೆಂಡತಿಯ ಮುಖ ನೋಡಿ, "ಹಾಲು ಉಕ್ಕಿದ್ರೆ ಜನ ಒರಸ್ತಾರೆ ಕಣೆ, ದರ್ಶನ ಮಾಡ್ಕೊಂಡು ನಿಲ್ಲಲ್ಲ" ಎಂದ. ಒರಸಿದವನೂ ಅವನೇ.

ಅವಳ ಸುಳಿ ಇದ್ದದ್ದು ಭೂಮಿಯ ಬೆನ್ನ ಹಿಂದೆ. ಸೂರ್ಯನಿಂದ ಸದಾ ಬೀಸುವ ಗಾಳಿಗೆ ಭೂಮಿಯ ಕಾಂತಕ್ಷೇತ್ರ ಬಿಚ್ಚಿದ ಕೂದಲಿನ ಹಾಗೆ ಇರುಳಿನ ಕಡೆಗೆ ಹಾರಿಕೊಂಡಿರುತ್ತದೆ. ಅವಳು ಕೆಲಸ ಮಾಡುವ ಪ್ರಯೋಗಾಲಯದವರು ಅದನ್ನು ಬಾಲ ಎನ್ನುತ್ತಾರೆ. ಆ ಬಾಲದೊಳಗೆ ಪ್ಲಾಸ್ಮಾ ಮರಳಿ ಭೂಮಿಯ ಕಡೆಗೆ ಹರಿಯುತ್ತದೆ. ನೆಂಟರು ಕೇಳಿದಾಗ ಅವಳು ಹೇಳುವುದು ಇಷ್ಟು: ಕಾವಿಗೆ ಅಣುಗಳೇ ಒಡೆದು, ಕಣಕಣವೂ ವಿದ್ಯುತ್ತು ಹೊತ್ತ ಒಂದು ಥರದ ಗಾಳಿ, ನೀರಿನ ಹಾಗೆ ಹರಿಯುತ್ತದೆ, ಕೂದಲಿನ ಹಾಗೆ ಸಿಕ್ಕಾಗುತ್ತದೆ, ಜಡೆಯಾಗುತ್ತದೆ, ಸುಳಿಯಾಗುತ್ತದೆ. ಅದನ್ನು ನೋಡಲು ಎರಡು ಉಪಗ್ರಹಗಳು ಒಂದೇ ಹಾದಿಯಲ್ಲಿ ಒಂದರ ಹಿಂದೊಂದು ತಿರುಗುತ್ತಿದ್ದವು. ಪ್ರಯೋಗಾಲಯದವರು ಇಲ್ಲಿಯವರೆಗೆ ಎಣಿಸಿದ ಸುಳಿಗಳೆಲ್ಲ ಹರಿವಿನ ಜೊತೆ, ಬುದ್ಧಿವಂತ ಮಕ್ಕಳ ಹಾಗೆ, ಭೂಮಿಯ ಕಡೆಗೇ ಬಂದಿದ್ದವು. ನಾಲ್ಕು ತಿಂಗಳ ಹಿಂದೆ ಅವಳು ಕಂಡದ್ದು ಮಾತ್ರ ಭೂಮಿಗೆ ಬೆನ್ನು ಹಾಕಿ ಹೊರಟಿತ್ತು. ಉಪಗ್ರಹಗಳೆರಡೂ ಭೂಮಿಯಿಂದ ದೂರ ದೂರ ಹೋಗುತ್ತಿದ್ದ ಹೊತ್ತು ಅದು. ಕಡತದ ಪ್ರಕಾರ ಹಿಂದಿನದು ಸುಳಿಯನ್ನು ಮೊದಲು ಕಂಡಿತು, ನಲವತ್ತು ಸೆಕೆಂಡಿನ ಮೇಲೆ ಮುಂದಿನದು ಕಂಡಿತು. ಅಂದಮೇಲೆ ಸುಳಿ ಹಿಂದಿನಿಂದ ಮುಂದಕ್ಕೆ, ಸುತ್ತಲಿನ ಪ್ಲಾಸ್ಮಾಕ್ಕೆ ಎದುರಾಗಿ ಈಜಿರಬೇಕು. ಇವತ್ತು ಹನ್ನೊಂದಕ್ಕೆ ಹೊರಗಿನಿಂದ ಮೂವರು ಹಿರಿಯ ವಿಜ್ಞಾನಿಗಳು ಅದನ್ನು ನೋಡಲು ಬರುವವರಿದ್ದರು. ಅವರು ತಲೆಯಾಡಿಸಿದರೆ ಸುಳಿಗೆ ಹೆಸರು, ಆ ಹೆಸರಿನ ಪಕ್ಕದಲ್ಲಿ ಅವಳ ಹೆಸರು. ಅತ್ತೆ ಫೋನಿನಲ್ಲಿ ಆಗಲೇ ಎಲ್ಲರಿಗೂ ಹಂಚಿಯಾಗಿತ್ತು. "ಹೊಳೆಗೆ ಎದುರೀಜೋ ಸುಳಿಯಂತೆ, ನಮ್ಮ ಸೊಸೆ ಕಂಡ್ಹಿಡಿದಿದ್ದು. ಹಾಗಿದ್ರೆ ಥೇಟ್ ಅವಳ ಥರಾನೇ ಇದೆ ಬಿಡಿ ಅಂದೆ." ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ಅವಳು ಅದಕ್ಕೂ ನಕ್ಕಿದ್ದಳು.

ಮಗಳ ಒಂದು ಕಾಲುಚೀಲ ಸಿಗಲಿಲ್ಲ. ಮಂಚದ ಕೆಳಗೆ, ಒಗೆಯುವ ಬುಟ್ಟಿಯಲ್ಲಿ, ಸೋಫಾದ ಸಂದಿಯಲ್ಲಿ, ಎಲ್ಲೂ ಇಲ್ಲ. ಕೊನೆಗೆ ಎಡಗಾಲಿಗೆ ಬಿಳಿಯದು, ಬಲಗಾಲಿಗೆ ನೀಲಿಯದು ಹಾಕಿ, "ಹೊಸ ಫ್ಯಾಷನ್ನು" ಎಂದು ಹೊರಡಿಸಿದಳು. ಮಗಳಿಗೆ ಆರು ವರ್ಷ. ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತವಳು, ದಾರಿಯಲ್ಲಿ ಕಂಡ ಬರಹವನ್ನೆಲ್ಲ ಗಟ್ಟಿಯಾಗಿ ಓದದೆ ಬಿಡಳು. ನಿಲ್ದಾಣಕ್ಕೆ ಬರುವಾಗ ಬಸ್ಸು ಹೊರಡುತ್ತಿತ್ತು. ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಚಾಲಕ ಕಿಟಕಿಯಿಂದ ತಲೆ ಹಾಕಿ, "ಮಗು ಇದೆ, ಇದ್ರಲ್ಲಿ ಬೇಡಮ್ಮ. ಹಿಂದಿನ ಬಸ್ಸಿಗೆ ಬನ್ನಿ, ಖಾಲಿ ಇದೆ" ಎಂದು ಕೂಗಿ ಹೋದ. ಅವಳು ಏದುಸಿರು ಬಿಡುತ್ತ ನಿಂತಳು. ಮಗಳು ಕತ್ತೆತ್ತಿ ನಿಲ್ದಾಣದ ಹಲಗೆಯಲ್ಲಿ ಮಿನುಗುವ ಅಕ್ಷರ ಓದತೊಡಗಿದಳು. "ಮುಂ... ದಿ... ನ... ಬಸ್ಸು. ಎರಡು ನಿಮಿಷ. ಅಮ್ಮಾ, ಅವ್ರು ಹಿಂದಿನ ಬಸ್ಸು ಅಂದ್ರು. ಇಲ್ಲಿ ಮುಂದಿನ ಬಸ್ಸು ಅಂತಿದೆ. ನಾವು ಹತ್ತೋದು ಯಾವುದಕ್ಕೆ?"

"ಎರಡೂ ಒಂದೇ ಕಣೆ."

"ಹಿಂದಿನದು ಮುಂದಿನದು ಹೆಂಗಾಗುತ್ತೆ?"

"ಹಿಂದೆ ಬರ್ತಿದೆಯಲ್ಲ, ಅದಕ್ಕೇ ಹಿಂದಿನದು. ಆಮೇಲೆ ಬರುತ್ತಲ್ಲ, ಅದಕ್ಕೇ ಮುಂದಿನದು."

"ಹಾಗಾದ್ರೆ ಈಗ ಹೋಯ್ತಲ್ಲ, ಅದು?"

"ಅದು ನಮಗಿಂತ ಮುಂದೆ ಇದೆ," ಎಂದಳು. "ಆದ್ರೆ ಅದು ಹಿಂದಿನ..." ಎಂದು ನಿಲ್ಲಿಸಿದಳು.

ತಲೆ ಜುಮ್ಮೆಂದಿತು. ಜೋಕಾಲಿ ತುತ್ತತುದಿಗೆ ಹೋಗಿ, ಇನ್ನೇನು ಮರಳಬೇಕು ಎನ್ನುವಾಗ ಹೊಟ್ಟೆಯೊಳಗಿನದೆಲ್ಲ ಒಂದು ಕ್ಷಣ ತೂಕ ಕಳೆದುಕೊಳ್ಳುತ್ತದಲ್ಲ, ಹಾಗೆ. ಮುಂದೆ ಇರುವುದೇ ಹಿಂದಿನದು. ಹಿಂದೆ ಬರುವುದೇ ಮುಂದಿನದು. ಬಸ್ಸು ಬಂತು, ಹತ್ತಿದರು, ಮಗಳಿಗೆ ಎಲ್ಲಕ್ಕಿಂತ ಮುಂದಿನ ಸೀಟೇ ಬೇಕಾಯಿತು. ಗಾಜಿನಾಚೆ ದೂರದ ಸಿಗ್ನಲ್ಲಿನಲ್ಲಿ ಮೊದಲ ಬಸ್ಸು ನಿಂತದ್ದು ಕಾಣುತ್ತಿತ್ತು. ಎದುರುಗಾಳಿ ಜೋರಾಗಿತ್ತು. ಎಲ್ಲಿಂದಲೋ ಎದ್ದ ಒಂದು ಕಾಗದದ ಚೀಲ ಉರುಳುತ್ತ, ಹಾರುತ್ತ ಬಂದು ಆ ಬಸ್ಸಿನ ನೆತ್ತಿಗೆ ತಾಗಿ, ಮೇಲೆ ಚಿಮ್ಮಿ, ಕಾರುಗಳ ತಲೆ ಸವರಿಕೊಂಡು ನೇರ ಇವರ ಕಡೆಗೇ ಬಂತು. ಪಟ್ಟೆಂದು ಇವರ ಗಾಜಿಗೆ ಅಂಟಿತು. ಮಗಳು ಚಪ್ಪಾಳೆ ತಟ್ಟಿದಳು. ಮೊದಲು ಅದಕ್ಕೆ ತಾಗಿತು, ಆಮೇಲೆ ಇದಕ್ಕೆ. ಕಾಗದದ ಚೀಲ ಯಾರಿಗೂ ಎದುರೀಜಲಿಲ್ಲ, ಗಾಳಿ ತಂದ ಕಡೆಗೆ ಬಂತು. ನಾವು ಎದುರು ಹೋಗುತ್ತಿದ್ದೆವು ಅಷ್ಟೆ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗು ಬೆರಳ ಸಂದಿಯಿಂದ ಸೋರಿ ಚಾಲಕ ತಿರುಗಿ ನೋಡಿದ.

ಕಡತಗಳಿಗೆ "ಹಿಂದಿನದು", "ಮುಂದಿನದು" ಎಂದು ಹೆಸರಿಟ್ಟವರು ಸೆಕೆಂಡಪ್ಪ. ಅದು ಅವರ ಹೆಸರಲ್ಲ, ಪ್ರಯೋಗಾಲಯ ಇಟ್ಟ ಅಡ್ಡಹೆಸರು. ಉಪಗ್ರಹಗಳಿಂದ ಸುರಿಯುವ ಅಂಕಿಗಳಿಗೆ ಒಂದೊಂದಕ್ಕೂ ಸರಿಯಾದ ಕಾಲ ಹಚ್ಚಿ, ಜೋಡಿಸಿ, ಕಡತ ಮಾಡಿ ಕೊಡುವುದು ಮೂವತ್ತೊಂದು ವರ್ಷದಿಂದ ಅವರ ಕೆಲಸ. ಒಂಬತ್ತಕ್ಕೆ ಬಂದೆ ಎಂದರೆ ಒಂಬತ್ತು ಎರಡಕ್ಕೆ ಎಂದು ತಿದ್ದುವರು. ಅರ್ಧ ಗಂಟೆ ಮಾತಾಡ್ತೀನಿ ಎಂದವರಿಗೆ ಮೂವತ್ತನೆಯ ನಿಮಿಷ ಹಿಂದಿನ ಸಾಲಿನಿಂದ ಕೆಮ್ಮುವರು. ಗಡಿಯಾರದ ಜೊತೆ ಸಂಸಾರ ಮಾಡಿದ ಆ ಮನುಷ್ಯನಿಗೆ ಹಿಂದಿನದು ಎಂದರೇನು? ಹಿಂದಿನ ವಾರ, ಹಿಂದಿನ ವರ್ಷ, ಮೊದಲು ಹಾದುಹೋದದ್ದು. ಮೊದಲು ಹಾದುಹೋದದ್ದು ಎಂದರೆ ಹಾದಿಯಲ್ಲಿ ಮುಂದೆ ಇರುವುದು. ಅವಳಿಗೋ ಹಿಂದಿನದು ಎಂದರೆ ಬೆನ್ನ ಹಿಂದೆ ಇರುವುದು, ಶಾಲೆಗೆ ಹೊರಟಾಗ ಕಾಲೆಳೆದುಕೊಂಡು ಹಿಂದೆ ಬರುವ ಮಗಳ ಹಾಗೆ. ಒಂದೇ ಮಾತನ್ನು ಅವರು ಗಡಿಯಾರದಿಂದ ತೆಗೆದರು, ಇವಳು ರಸ್ತೆಯಿಂದ ತೆಗೆದಳು. ನಡುವೆ ಒಂದು ಸುಳಿ ಬೆನ್ನು ತಿರುಗಿಸಿ ಈಜತೊಡಗಿತು.

ಶಾಲೆಯ ಗೇಟಿನಲ್ಲಿ ಮಗಳಿಗೆ ಮುತ್ತು ಕೊಟ್ಟಳೋ ಇಲ್ಲವೋ, ಆಮೇಲೆ ನೆನಪಾಗಲಿಲ್ಲ. ನೆನಪಾದದ್ದು ಬೇರೆ. ನಾಲ್ಕು ತಿಂಗಳ ಹಿಂದೆ, ಮೊದಲ ಸಲ ಸುಳಿಯ ಚಿತ್ರವನ್ನು ಗೋಡೆಗೆ ಹಾಕಿದ ದಿನ, ಸೆಕೆಂಡಪ್ಪ ಚಹದ ಲೋಟ ಹಿಡಿದು ಎದ್ದು ನಿಂತು, "ಅಮ್ಮಾ, ಇದು ಹಿಂದುಮುಂದಾಗಿಲ್ವಾ?" ಎಂದಿದ್ದರು. ಮೆಲ್ಲಗೆ ಕೇಳಿದ್ದರು, ಸೊಕ್ಕಿನಿಂದಲ್ಲ. ಅವಳು ಆ ಹೊತ್ತಿನಲ್ಲಿ ಗಾಳಿಪಟ. ಯಾರೋ ದಾರ ಹಿಡಿದರು ಅನ್ನಿಸಿತು. "ಹಿಂದುಮುಂದಾಗಿರೋದು ಸುಳಿಯಲ್ಲ ಸೆಕೆಂಡಪ್ಪ, ನೀವು. ಹಿಂದು ಯಾವುದು ಮುಂದು ಯಾವುದು ಗೊತ್ತಾಗದ ವಯಸ್ಸು ಬಂತು ನಿಮಗೆ" ಎಂದುಬಿಟ್ಟಳು. ಕೋಣೆ ಗೊಳ್ಳೆಂದಿತು. ಯಾರೋ ಮೇಜು ಕುಟ್ಟಿದರು. ಅವರೂ ನಕ್ಕರು, ಎಲ್ಲರಿಗಿಂತ ಒಂದು ಸೆಕೆಂಡು ತಡವಾಗಿ. ಆ ತಡವಾದ ಒಂದು ಸೆಕೆಂಡು ಅವಳಿಗೆ ಅಂದೇ ಕಂಡಿತ್ತು. ಕಂಡದ್ದನ್ನು ಹಾಗೇ ಮಡಿಸಿ ಒಳಗಿಟ್ಟಿದ್ದಳು. ಆಮೇಲೆ ಅವರು ಯಾರ ಗಂಟೆಯನ್ನೂ ತಿದ್ದಲಿಲ್ಲ, ಯಾರಿಗೂ ಕೆಮ್ಮಲಿಲ್ಲ. ಒಬ್ಬರಾದರೂ ಅದನ್ನು ಗಮನಿಸಿದರೇ? "ಈಗೀಗ ಸಭೆಗಳು ಉದ್ದ ಆಗ್ತಿವೆ" ಎಂದು ಗೊಣಗಿದರು, ಅಷ್ಟೆ.

ಮೂಲ ಕಡತ ತೆರೆದು ನೋಡಲು ಐದು ನಿಮಿಷ ಸಾಕಿತ್ತು. ಅದರಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ; ಒಂದನೆಯ ಉಪಗ್ರಹ, ಎರಡನೆಯ ಉಪಗ್ರಹ, ಯಾವ ಕ್ಷಣಕ್ಕೆ ಯಾವುದು ಭೂಮಿಯಿಂದ ಎಷ್ಟು ದೂರ, ಇಷ್ಟೇ. ನಾಲ್ಕು ತಿಂಗಳಲ್ಲಿ ಅವಳು ಬೇರೆ ಎಲ್ಲವನ್ನೂ ತೆರೆದಿದ್ದಳು. ಸೂರ್ಯನ ಗಾಳಿಯ ವೇಗ, ಕಾಂತಕ್ಷೇತ್ರದ ಬಾಗು, ಉಪಕರಣದ ಬಿಸಿ. ಆ ಒಂದನ್ನು ಬಿಟ್ಟು. ಫ್ರಿಜ್ಜಿನ ಮೂಲೆಯಲ್ಲಿ ಹಳಸಿರಬಹುದೆಂಬ ಅನುಮಾನವಿರುವ ಡಬ್ಬಿಯೊಂದನ್ನು ದಿನಾ ಆಚೀಚೆ ಸರಿಸಿ, ಮುಚ್ಚಳ ಮಾತ್ರ ತೆಗೆಯದೆ ಇರುತ್ತೇವಲ್ಲ, ಹಾಗೆ. ಪ್ರಯೋಗಾಲಯ ತಲುಪಿ ಅವಳು ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ಕಾಲ ಬೆರಳು ಮಡಿಸಿಕೊಂಡು ಮುಚ್ಚಳ ತೆಗೆದಳು. ಸುಳಿಯನ್ನು ಮೊದಲು ಕಂಡದ್ದು ದೂರದಲ್ಲಿದ್ದ ಉಪಗ್ರಹ. ಆಮೇಲೆ ಭೂಮಿಗೆ ಹತ್ತಿರದ್ದು. ಸುಳಿ ಮನೆಗೆ ಬರುತ್ತಿತ್ತು. ಎಲ್ಲ ಸುಳಿಗಳ ಹಾಗೆ, ಹರಿವಿನ ಕೈಹಿಡಿದು, ನೇರ ಮನೆಗೆ. ಅಳು ಬರಬೇಕಿತ್ತು. ಬದಲಿಗೆ ತೊಡೆಯಿಂದೆದ್ದು ಪಕ್ಕೆಗೆ, ಪಕ್ಕೆಯಿಂದ ಗಂಟಲಿಗೆ ಕಚಗುಳಿಯಂಥದ್ದೊಂದು ಏರಿತು. ಪಕ್ಕದ ಮೇಜಿನವಳು, "ಏನೇ, ಲಾಟರಿ ಹೊಡೀತಾ?" ಎಂದಳು. "ಹೊಡೆದಿದ್ದ ಲಾಟರಿ ಬೇರೆಯವರದ್ದಂತೆ" ಎಂದು ಇವಳು ಎದ್ದಳು. ಹತ್ತು ಗಂಟೆ ಇಪ್ಪತ್ತು ನಿಮಿಷ. ಹತ್ತು ಇಪ್ಪತ್ತೆರಡು ಎಂದು ತಿದ್ದುವವರು ಯಾರೂ ಇರಲಿಲ್ಲ.

ಮೆಟ್ಟಿಲಿಳಿಯುವಾಗ ಇನ್ನೊಂದು ದಾರಿಯೂ ಹೊಳೆಯಿತು, ನುಣುಪಾದ ದಾರಿ. ಇವತ್ತು ಏನೂ ಹೇಳಬೇಕಿಲ್ಲ. ಹಿರಿಯರು ನೋಡಿ ಹೋಗಲಿ. ಆರು ತಿಂಗಳು ಬಿಟ್ಟು ಎಲ್ಲಾದರೂ ಒಂದು ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ತಿದ್ದುಪಡಿ. ಯಾರು ಓದುತ್ತಾರೆ? ಅತ್ತೆಯಂತೂ ಓದುವುದಿಲ್ಲ. ಸೆಕೆಂಡಪ್ಪನಿಗೆ ಮಾತ್ರ ಕಿವಿಯಲ್ಲಿ ಹೇಳಿದರಾಯಿತು. ನಾಲ್ಕು ಮೆಟ್ಟಿಲಿನ ತನಕ ಆ ದಾರಿ ಬಲು ಚೆನ್ನಾಗಿತ್ತು.

ಸೆಕೆಂಡಪ್ಪನವರ ಕೋಣೆ ನೆಲಮಾಳಿಗೆಯಲ್ಲಿ, ಯಂತ್ರಗಳ ಗುಂಯ್‌ಗುಡುವಿಕೆಯ ಪಕ್ಕ. ಗೋಡೆಯಲ್ಲಿ ಮೂರು ಗಡಿಯಾರ. ಮೇಜಿನ ಮೇಲೆ ಹಳೆಯ ದಿನಚರಿ ಪುಸ್ತಕಗಳ ಎರಡು ರಾಶಿ, ಪುಟಪುಟಕ್ಕೂ ಸಿಕ್ಕಿಸಿದ ಕಾಗದದ ಚೂರುಗಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಏನಮ್ಮಾ, ಮದುಮಗಳು ಮಂಟಪ ಬಿಟ್ಟು ಇಲ್ಲಿ?"

"ಒಂದು ಕೇಳ್ಬೇಕಿತ್ತು. ನೀವು ಕಡತಕ್ಕೆ ಹಿಂದಿನದು ಅಂತ ಬರೀತೀರಲ್ಲ..."

"ಅದೂ ತಪ್ಪಾಗಿದೆಯಾ?" ಎಂದರು. ಅಷ್ಟು ಬೇಗ, ಅಷ್ಟು ಮೆತ್ತಗೆ ಎಂದರು. ಆ "ಅದೂ" ಎಂಬುದರ ದೀರ್ಘ ಅವಳ ಎದೆಗೆ ಸೂಜಿಯಂತೆ ಇಳಿಯಿತು.

"ಬೇರೆ ಏನು ತಪ್ಪಾಗಿದೆ?"

"ಗೊತ್ತಿಲ್ಲಮ್ಮ, ಅದೇ ತೊಂದರೆ. ನೀನು ಅವತ್ತು ಹೇಳಿದ ಮೇಲೆ ಮನೆಗೆ ಹೋಗಿ ಯೋಚಿಸ್ದೆ. ಹುಡುಗಿ ಸುಮ್ಮನೆ ಹೇಳಿರ್ಲಿಕ್ಕಿಲ್ಲ. ಹಳೇ ಪುಸ್ತಕ ಎಲ್ಲ ತೆಗೆದು ನೋಡ್ತಾ ಇದೀನಿ, ಮೂವತ್ತೊಂದು ವರ್ಷದ್ದು. ಎಲ್ಲೆಲ್ಲಿ ದಿಕ್ಕು ತಪ್ಪಿದೀನೋ ಅಂತ. ಒಂದು ಕಡೆ ಹಿಂದೆ ಅಂದ್ರೆ ಹಿಂದೆ, ಇನ್ನೊಂದು ಕಡೆ ಹಿಂದೆ ಅಂದ್ರೆ ಮುಂದೆ. ನೋಡ್ತಾ ನೋಡ್ತಾ ನಂಗೇ ತಲೆ ಕೆಟ್ಟುಹೋಯ್ತು." ಅವರು ನಕ್ಕರು, ಒಂದು ಸೆಕೆಂಡು ತಡವಾಗಿ. "ಈಗ ಬಾಗಿಲ ಬೀಗ ಮೂರು ಸಲ ಎಳೆದು ನೋಡ್ತೀನಿ. ಹೆಂಡತಿ ಹೇಳ್ತಾಳೆ, ನಿಮ್ಮಣ್ಣನಿಗೂ ಮರೆವು ಹೀಗೇ ಶುರುವಾಯ್ತು ಅಂತ. ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ. ಯಾಕೆ ಬೇಕು, ಯಾರದಾದ್ರೂ ಕೆಲಸ ಕೆಡಿಸೋ ಮುಂಚೆ..." ದಿನಚರಿಯ ಅಡಿಯಿಂದ ಒಂದು ಲಕೋಟೆ ಇಣುಕುತ್ತಿತ್ತು. ಅದರ ಮೇಲೆ ನಿರ್ದೇಶಕಿಗೆ ಎಂದು ದುಂಡಗೆ ಬರೆದಿತ್ತು. "ಊಟದ ಹೊತ್ತಿಗೆ ಕೊಡ್ತೀನಿ. ನಿನ್ನ ಸಂತೋಷದ ದಿನ ಬೆಳಿಗ್ಗೇನೇ ಬೇಡ ಅಂತ."

ನುಣುಪಾದ ದಾರಿ ಅಲ್ಲಿಗೆ ಮುಗಿಯಿತು. ಒಬ್ಬ ಮನುಷ್ಯ ನಾಲ್ಕು ತಿಂಗಳಿಂದ ತನ್ನ ತಲೆಯನ್ನೇ ಬೀಗದ ಹಾಗೆ ಎಳೆದೆಳೆದು ನೋಡಿಕೊಳ್ಳುತ್ತಿದ್ದಾನೆ. ಬೀಗ ಸರಿಯಾಗೇ ಇತ್ತು. ಎಲ್ಲರೆದುರು ಅದನ್ನು ಕೆಟ್ಟಿದೆ ಎಂದವಳು ಅವಳು. ಈಗ ಇಲ್ಲಿ, ಈ ಗುಂಯ್‌ಗುಡುವ ಕೋಣೆಯಲ್ಲಿ, ಕಿವಿಯಲ್ಲಿ ಹೇಳಿದರೆ ಅವರು ನಂಬುವರೇ? ಪಾಪ, ಸಮಾಧಾನಕ್ಕೆ ಹೇಳ್ತಾಳೆ ಅಂದುಕೊಳ್ಳುವರು. ನಕ್ಕ ಬಾಯಿಗಳೆಲ್ಲ ಇದ್ದ ಕಡೆಯೇ ಹೇಳಬೇಕು. ಹಾಗೆ ಅಂದುಕೊಂಡ ಕೂಡಲೇ ಕಾಲಡಿಯ ನೆಲ ಮತ್ತೆ ಜೋಕಾಲಿಯಾಯಿತು. ಭಯವೋ ಖುಷಿಯೋ, ಎರಡೂ ಒಂದೇ ಸೀಟಿನಲ್ಲಿ ಕೂತಿದ್ದವು.

"ಆ ಕಾಗದ ಇವತ್ತು ಕೊಡ್ಬೇಡಿ," ಎಂದಳು. "ಸಭೆಗೆ ಬನ್ನಿ."

"ನಾನ್ಯಾಕಮ್ಮಾ?"

"ಹಿಂದೆ ಕೂತ್ಕೊಳ್ಳಿ. ಸುಮ್ಮನೆ."

ಸಭಾಕೋಣೆಯಲ್ಲಿ ಹೊಸ ಮೇಜುಬಟ್ಟೆ ಹಾಸಿದ್ದರು. ಗೋಡೆಯ ತುಂಬ ಅವಳ ಸುಳಿ, ನೇರಳೆ ಬಣ್ಣದ್ದು, ಬಾಣದ ಗುರುತು ಭೂಮಿಯಿಂದ ಹೊರಕ್ಕೆ. ಮೂವರು ಹಿರಿಯರು ಮುಂದಿನ ಸಾಲಿನಲ್ಲಿ. ನಡುವೆ ಕೂತ ಬಿಳಿಗೂದಲ ಹೆಂಗಸು ಪೆನ್ಸಿಲನ್ನು ಆಗಲೇ ಚೂಪು ಮಾಡಿಟ್ಟುಕೊಂಡಿದ್ದಳು. ನಿರ್ದೇಶಕಿ ನಾಲ್ಕು ಒಳ್ಳೆಯ ಮಾತು ಹೇಳಿ ಅವಳನ್ನು ಕರೆದರು. ಅವಳು ಚೀಲದಿಂದ ಕಾಗದ ಎಳೆದಳು. ಕಾಗದದ ಜೊತೆ ಏನೋ ಅಂಟಿಕೊಂಡು ಬಂದು ಮೇಜಿನ ಮೇಲೆ, ಎಲ್ಲರ ಕಣ್ಣೆದುರು, ಮೆತ್ತಗೆ ಬಿತ್ತು. ಪುಟ್ಟ ಬಿಳಿ ಕಾಲುಚೀಲ. ಕೋಣೆ ಕ್ಷಣ ತಡೆದು ಆಮೇಲೆ ನಕ್ಕಿತು. ಅವಳೂ ನಕ್ಕಳು. ಇಷ್ಟು ಹೊತ್ತಿನಿಂದ ಕಟ್ಟಿಟ್ಟ ನಗುವೆಲ್ಲ ಒಮ್ಮೆಗೇ ಹೊರಟು ಕಣ್ಣಲ್ಲಿ ನೀರು ಬಂತು.

"ಬೆಳಿಗ್ಗೆಯಿಂದ ಇದನ್ನ ಎಲ್ಲಾ ಕಡೆ ಹುಡುಕಿದ್ದೆ, ನನ್ನ ಚೀಲ ಒಂದನ್ನ ಬಿಟ್ಟು," ಎಂದಳು. "ನಾನು ಹೇಳೋಕೆ ಬಂದಿರೋದೂ ಅದೇ ಕಥೆ. ಈ ಬಾಣ ತಪ್ಪು. ಈ ಸುಳಿ ಎದುರೀಜ್ತಾ ಇಲ್ಲ. ಮನೆಗೆ ಬರ್ತಾ ಇದೆ."

ನಗು ಒಂದೊಂದೇ ಮುಖದಿಂದ ದೀಪ ಆರಿದ ಹಾಗೆ ಆರಿತು. ಅವಳು ಹೇಳಿದಳು. ಹಿಂದಿನದು, ಮುಂದಿನದು, ಗಡಿಯಾರದ ಹಿಂದೆ, ರಸ್ತೆಯ ಹಿಂದೆ, ಬಸ್ಸು, ಕಾಗದದ ಚೀಲ, ಎಲ್ಲ. ಹೇಳುತ್ತ ಹೇಳುತ್ತ ದನಿ ಎಷ್ಟು ಹಗುರಾಯಿತೆಂದರೆ ತನ್ನ ಮಾತು ತನ್ನ ತಲೆಯ ಮೇಲಿನಿಂದ ಬಂದಂತೆ ಕೇಳುತ್ತಿತ್ತು. "ನಾಲ್ಕು ತಿಂಗಳ ಕೆಳಗೆ ಇದೇ ಕೋಣೇಲಿ ಒಬ್ಬರು ಇದು ಹಿಂದುಮುಂದಾಗಿಲ್ವಾ ಅಂತ ಕೇಳಿದ್ರು. ನಾನು ಅವರ ವಯಸ್ಸಿನ ಮೇಲೆ ಜೋಕ್ ಮಾಡ್ದೆ. ನೀವೆಲ್ಲ ನಕ್ರಿ. ಅವರ ತಲೆ ಸರಿ ಇತ್ತು. ಸರಿ ಇದೆ. ತಿರುಗಿ ಕೂತಿದ್ದು ನಂದು." ಅಂದು ಮೇಜು ಕುಟ್ಟಿದ್ದವನು ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಹಿಂದಿನ ಸಾಲಿನ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ.

ನಿರ್ದೇಶಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಿದ್ರೆ ನಮ್ಮ ಹತ್ರ ಈಗ ಉಳಿದಿರೋದು ಏನು?"

"ಒಂದು ಸುಳಿ ಮೇಡಂ. ಎಲ್ಲರ ಮನೇಲೂ ಇರೋಂಥದ್ದು."

"ಮತ್ತೆ ಒಂದು ಕಾಲುಚೀಲ," ಎಂದಳು ಬಿಳಿಗೂದಲ ಹೆಂಗಸು. ಯಾರೂ ನಗಲಿಲ್ಲ. ಅವಳು ಮಾತ್ರ ಪೆನ್ಸಿಲಿನಿಂದ ಏನೋ ಗೀಚುತ್ತ, "ಇರಲಿ, ದಿಕ್ಕು ಬಿಡು. ದೂರದ್ದು ಕಂಡು ಎಷ್ಟು ಹೊತ್ತಿಗೆ ಹತ್ತಿರದ್ದು ಕಂಡಿತು? ಅಷ್ಟಾದರೂ ಸರಿಯಾಗಿ ಗೊತ್ತಾ?" ಎಂದು ಕೇಳಿದಳು.

"ನಲವತ್ತು ಸೆಕೆಂಡು," ಎಂದಳು ಇವಳು.

ಗೋಡೆಯ ಮೇಲೆ ನೇರಳೆ ಸುಳಿ ತಪ್ಪು ಬಾಣ ಹೊತ್ತುಕೊಂಡು ಹಾಗೇ ಇತ್ತು. ನಾಲ್ಕು ತಿಂಗಳ ಇಷ್ಟಗಲದ ಸುಖ ಕೈಬಿಟ್ಟು ಹೋಗುತ್ತಿದೆ, ನಾಳೆ ಅತ್ತೆಗೆ ಏನು ಹೇಳುವುದು, ಮಗಳು ಒಂದು ಕಾಲಿಗೆ ನೀಲಿ ಹಾಕಿಕೊಂಡು ಈಗ ಯಾವ ಪಾಠ ಓದುತ್ತಿದ್ದಾಳೋ, ಎಲ್ಲವೂ ಒಟ್ಟಿಗೇ ತಿರುಗುತ್ತಿದ್ದವು. ಅವಳು ಮೇಜಿನಂಚು ಹಿಡಿದು ನಿಂತಿದ್ದಳು. ಆಗ ಹಿಂದಿನ ಸಾಲಿನಿಂದ ಒಂದು ಕೆಮ್ಮು ಕೇಳಿತು. ನಾಲ್ಕು ತಿಂಗಳಿಂದ ಕೇಳದ ಕೆಮ್ಮು.

"ನಲವತ್ತೊಂದು," ಎಂದರು ಸೆಕೆಂಡಪ್ಪ.